ಔಟ್‌ಲೈನ್ ಫೈಲಿನಲ್ಲಿ ಯಾವುದು ಮೊದಲು? ಸಾಲಿನ ಜಾಗವೇ ಅದರ ರ‍್ಯಾಂಕ್

ಪ್ರಶ್ನೆ: ಈಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್‌ನ ಆರ್ಗ್ ಮೋಡ್‌ನಲ್ಲಿ (ಹೆಡಿಂಗ್, ಉಪಹೆಡಿಂಗ್ ಹಾಕಿ ಔಟ್‌ಲೈನ್ ಬರೆಯುವ ಸೌಲಭ್ಯ) ಒಂದು ಫೈಲ್ ಇಟ್ಟುಕೊಂಡಿದ್ದೇನೆ. ಮಾಡಬೇಕಾದ ಕೆಲಸ, ಓದಬೇಕಾದ ಪುಸ್ತಕ, ಬರೆಯಬೇಕೆಂದಿರುವ ವಿಷಯ ಎಲ್ಲ ಅದರಲ್ಲೇ ಇವೆ. ಒಂದೊಂದು ಹೆಡಿಂಗ್ ಕೆಳಗೆ ಸುಮಾರು ನಲವತ್ತು ಐಟಂ. ಯಾವುದು ಮೊದಲು ಅಂತ ಗುರುತು ಮಾಡಲು ಎ, ಬಿ, ಸಿ ಆದ್ಯತೆ ಹಾಕಿದೆ. ಸ್ವಲ್ಪ ದಿನಕ್ಕೆ ಅರ್ಧಕ್ಕರ್ಧ ಎ ಆಗಿಬಿಟ್ಟವು. ಆಮೇಲೆ 1, 2, 3 ಅಂತ ಅಂಕಿ ಬರೆದೆ. ನಡುವೆ ಹೊಸದೊಂದು ಬಂದರೆ ಕೆಳಗಿನದ್ದೆಲ್ಲ ತಿದ್ದಬೇಕು. ಕೆಲಸಗಳನ್ನು ಒಟ್ಟಿಗೆ ತೋರಿಸುವ ಅಜೆಂಡಾ ನೋಟದಲ್ಲಿ ಸಾಲುಗಳನ್ನು ಮೇಲೆ ಕೆಳಗೆ ಸರಿಸಿ ಜೋಡಿಸಿದರೆ, ಮತ್ತೆ ತೆರೆದಾಗ ಹಳೆಯ ಕ್ರಮವೇ ಇರುತ್ತದೆ. ಇದಕ್ಕೆ ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಬೆರೆತಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ. ಯಾವುದು ಮುಖ್ಯ, ಯಾವುದು ಅಷ್ಟು ಮುಖ್ಯವಲ್ಲ ಅಂತ ತೀರ್ಮಾನ ಮಾಡುವುದು ಒಂದು. ಅದನ್ನು ನೀವೇ ಮಾಡಬೇಕು. ಫೈಲಿನಲ್ಲಿ ಈಗಾಗಲೇ ಬರೆದಿರುವ ತಾರೀಖು, ಹಿಡಿಯುವ ಸಮಯ, ಹೆಸರು, ಸ್ಥಿತಿ ಇವನ್ನು ನೋಡಿ ಸಾಲುಗಳನ್ನು ಜೋಡಿಸುವುದು ಇನ್ನೊಂದು. ಅದನ್ನು ಕಂಪ್ಯೂಟರ್ ಮಾಡುತ್ತದೆ. ಮೊದಲನೆಯದನ್ನು ರ‍್ಯಾಂಕ್ ಅನ್ನೋಣ, ಎರಡನೆಯದನ್ನು ಸಾರ್ಟ್ ಅನ್ನೋಣ. ನಿಮ್ಮ ತೊಂದರೆಗಳೆಲ್ಲ ಹುಟ್ಟಿದ್ದು ಒಂದೇ ಕಡೆಯಿಂದ: ರ‍್ಯಾಂಕನ್ನೂ ತಾರೀಖಿನ ಹಾಗೆ ಒಂದು ಗುರುತಾಗಿ ಬರೆದಿಡಲು ನೋಡುತ್ತಿದ್ದೀರಿ.

ನನ್ನ ಸಲಹೆ ಇಷ್ಟು. ರ‍್ಯಾಂಕನ್ನು ಎಲ್ಲೂ ಬರೆಯಬೇಡಿ. ಫೈಲಿನಲ್ಲಿ ಸಾಲು ಎಲ್ಲಿದೆಯೋ ಅದೇ ಅದರ ರ‍್ಯಾಂಕ್. ಮೇಲಿರುವುದು ಮೊದಲು, ಕೆಳಗಿರುವುದು ಆಮೇಲೆ.

ಇದು ತೀರಾ ಸರಳ ಅನ್ನಿಸಬಹುದು. ಆದರೆ ಪ್ಲೇನ್ ಟೆಕ್ಸ್ಟ್‌ಗೆ ಇರುವ ದೊಡ್ಡ ಅನುಕೂಲವೇ ಇದು. ಡೇಟಾಬೇಸ್ ಜೊತೆ ಹೋಲಿಸಿ ನೋಡಿ. 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮುಂದಿಟ್ಟ, ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಮಾದರಿಯಲ್ಲಿ ಒಂದು ಟೇಬಲ್‌ನ ಸಾಲುಗಳಿಗೆ ಹಿಂದು ಮುಂದು ಅಂತ ಇಲ್ಲವೇ ಇಲ್ಲ. ಕ್ರಮ ಬೇಕೆಂದರೆ ಅದಕ್ಕೆಂದೇ ಒಂದು ಅಂಕಣ ಸೇರಿಸಿ ಅಂಕಿ ಬರೆಯಬೇಕು. ಅದಕ್ಕೇ ಹಿಂದೆ ಡೇಟಾಬೇಸ್ ಇಟ್ಟುಕೊಂಡ ಆ್ಯಪ್‌ಗಳಲ್ಲಿ ನೀವು ಒಂದು ಸಾಲನ್ನು ಎಳೆದು ಮೇಲೆ ಇಟ್ಟಾಗ ಒಳಗೆ ಯಾವುದೋ ಅಂಕಿ ಬದಲಾಗುತ್ತದೆ. ಟೆಕ್ಸ್ಟ್ ಫೈಲಿಗೆ ಆ ಕಷ್ಟ ಇಲ್ಲ. ಅದರಲ್ಲಿ ಕ್ರಮ ಹುಟ್ಟಿನಿಂದಲೇ ಇದೆ. ಅದರ ಮೇಲೆ ಇನ್ನೊಂದು ಅಂಕಿ ಬರೆದರೆ ಒಂದೇ ವಿಷಯ ಎರಡು ಕಡೆ ಇದ್ದಂತಾಯಿತು. ಎರಡು ಕಡೆ ಇದ್ದದ್ದು ಒಂದಲ್ಲ ಒಂದು ದಿನ ತಾಳೆಯಾಗುವುದಿಲ್ಲ. ಏಳನೇ ಸಾಲಿನಲ್ಲಿ ಕೂತಿರುವ ಐಟಂ ಮೇಲೆ 4 ಅಂತ ಬರೆದಿದ್ದರೆ ಯಾವುದನ್ನು ನಂಬುತ್ತೀರಿ?

ಔಟ್‌ಲೈನ್ ಸಾಧನಗಳು ಶುರುವಾದದ್ದೂ ಹೀಗೆ ಸಾಲು ಸರಿಸುವುದರಿಂದಲೇ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ತಮ್ಮ ವ್ಯವಸ್ಥೆಯನ್ನು ಜನರ ಮುಂದೆ ತೋರಿಸಿದರು. ಮೌಸ್ ಮೊದಲ ಸಲ ಜನರಿಗೆ ಕಂಡದ್ದೂ ಅಂದೇ. ಅವತ್ತು ಅವರು ಒಂದು ಖರೀದಿ ಪಟ್ಟಿ ಟೈಪ್ ಮಾಡಿ, ಅದರ ಸಾಲುಗಳನ್ನು ಹಿಂದೆ ಮುಂದೆ ಮಾಡಿ, ಗುಂಪು ಕಟ್ಟಿ, ಗುಂಪನ್ನು ಮಡಚಿ ತೋರಿಸಿದರು. ಆಮ್‌ಸ್ಟರ್‌ಡ್ಯಾಮ್‌ನ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರ್ಗ್ ಮೋಡ್ ಬರೆದಾಗ ಅದೂ ನಿಂತದ್ದು ಈ ಮಡಚುವ, ಸರಿಸುವ ತಳಹದಿಯ ಮೇಲೆಯೇ. ಆದ್ಯತೆ, ಟ್ಯಾಗ್, ಪ್ರಾಪರ್ಟಿ (ಹೆಡಿಂಗ್ ಜೊತೆ ಒಂದು ಹೆಸರು ಕೊಟ್ಟು ಬರೆದಿಡುವ ಮೌಲ್ಯ) ಎಲ್ಲ ಅದರ ಮೇಲೆ ಕೂತವು.

ಸರಿಸುವುದು ಹೇಗೆ

ಹೆಡಿಂಗ್ ಮೇಲೆ ಕರ್ಸರ್ ಇಟ್ಟು ಆಲ್ಟ್ ಜೊತೆ ಮೇಲಿನ ಬಾಣ ಒತ್ತಿದರೆ ಆ ಹೆಡಿಂಗ್ ತನ್ನೊಳಗಿನ ಎಲ್ಲದರ ಸಮೇತ ಒಂದು ಜಾಗ ಮೇಲೆ ಹೋಗುತ್ತದೆ. ಕೆಳಗಿನ ಬಾಣ ಒತ್ತಿದರೆ ಕೆಳಗೆ. ಇದು ನಿಮಗೆ ಗೊತ್ತೇ ಇರುತ್ತದೆ. ನಲವತ್ತರ ಪಟ್ಟಿಯಲ್ಲಿ ಕೆಳಗಿನದನ್ನು ಮೇಲಕ್ಕೆ ತರಲು ಮೂವತ್ತು ಸಲ ಬಾಣ ಒತ್ತುವುದು ಬೇಜಾರು. ಅದಕ್ಕೆ ಕತ್ತರಿಸಿ ಅಂಟಿಸುವುದೇ ಒಳ್ಳೆಯದು. ಕಂಟ್ರೋಲ್-ಸಿ, ಕಂಟ್ರೋಲ್-ಎಕ್ಸ್, ಕಂಟ್ರೋಲ್-ಡಬ್ಲ್ಯು ಒತ್ತಿದರೆ ಇಡೀ ಉಪವೃಕ್ಷ, ಅಂದರೆ ಹೆಡಿಂಗ್ ಮತ್ತು ಅದರೊಳಗಿನದೆಲ್ಲ, ಕತ್ತರಿಸಿ ಬರುತ್ತದೆ. ಬೇಕಾದ ಜಾಗಕ್ಕೆ ಹೋಗಿ ಕೊನೆಯ ಕೀಯನ್ನು ಕಂಟ್ರೋಲ್-ವೈ ಮಾಡಿಕೊಂಡರೆ ಅಲ್ಲಿ ಕೂರುತ್ತದೆ, ಹೆಡಿಂಗ್‌ನ ಮಟ್ಟ ತೋರಿಸುವ ನಕ್ಷತ್ರ ಚಿಹ್ನೆಗಳನ್ನೂ ಅಲ್ಲಿಗೆ ತಕ್ಕಂತೆ ಸರಿಮಾಡಿಕೊಳ್ಳುತ್ತದೆ. ಸರಿಸುವ ಮೊದಲು ಎಲ್ಲವನ್ನೂ ಮಡಚಿಕೊಳ್ಳಿ. ಹೆಡಿಂಗ್‌ಗಳು ಮಾತ್ರ ಕಂಡರೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಒಳಗಿನ ಟಿಪ್ಪಣಿ ತೆರೆದಿದ್ದರೆ ಉದ್ದ ಟಿಪ್ಪಣಿ ಇರುವುದೇ ಮುಖ್ಯ ಅಂತ ಕಣ್ಣಿಗೆ ಅನ್ನಿಸುತ್ತದೆ.

ಇನ್ನು ಅಂಕಿ. ಇದು ಎಷ್ಟನೆಯದು ಅಂತ ಕಣ್ಣಿಗೆ ಕಾಣಬೇಕು ಅನ್ನುವ ಆಸೆ ಸಹಜ. ಅದಕ್ಕೆ ಆರ್ಗ್-ನಮ್-ಮೋಡ್ ಇದೆ. ಆನ್ ಮಾಡಿದರೆ ಪ್ರತಿ ಹೆಡಿಂಗ್ ಮುಂದೆ 1, 2, 2.1 ಹೀಗೆ ಅಂಕಿ ಕಾಣುತ್ತದೆ. ಆದರೆ ಫೈಲಿನಲ್ಲಿ ಏನೂ ಬರೆಯುವುದಿಲ್ಲ. ಅಂಕಿ ಪರದೆಯ ಮೇಲೆ ಮಾತ್ರ. ನೀವು ಸಾಲು ಸರಿಸಿದ ತಕ್ಷಣ ಅದೂ ಬದಲಾಗುತ್ತದೆ. ನಡುವೆ ಹೊಸದು ಸೇರಿದರೆ ಕೆಳಗಿನದ್ದೆಲ್ಲ ತಾನಾಗಿ ಮುಂದಕ್ಕೆ ಹೋಗುತ್ತದೆ. ನಿಮ್ಮ ಎರಡನೇ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಐಟಂಗಳು ಹೆಡಿಂಗ್ ಆಗಿರದೆ ಒಂದೊಂದು ಸಾಲಿನವಾಗಿದ್ದರೆ ಇನ್ನೂ ಸುಲಭ. ಅಂಕಿ ಹಾಕಿದ ಮಾಮೂಲಿ ಪಟ್ಟಿ ಮಾಡಿ. ಆಲ್ಟ್-ಬಾಣದಿಂದ ಸರಿಸಿದಾಗ ಆರ್ಗ್ ತಾನೇ ಅಂಕಿಗಳನ್ನು ತಿದ್ದಿಕೊಳ್ಳುತ್ತದೆ. ಕೈಯಿಂದ ಕೆಡಿಸಿದ್ದರೆ ಪಟ್ಟಿಯ ಮೇಲೆ ಕಂಟ್ರೋಲ್-ಸಿ ಎರಡು ಸಲ ಒತ್ತಿ, ಸರಿಯಾಗುತ್ತದೆ.

ಎಲ್ಲವೂ ಎ ಆಗುವುದು ಯಾಕೆ

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದ್ಯತೆ ಹಾಕುವಾಗ ನೀವು ಒಂದು ಐಟಂ ಮಾತ್ರ ನೋಡುತ್ತಿರುತ್ತೀರಿ. ಇದು ಮುಖ್ಯವೇ ಅಂತ ಕೇಳಿಕೊಂಡರೆ ಹೌದು ಅನ್ನುವ ಉತ್ತರವೇ ಜಾಸ್ತಿ, ಮುಖ್ಯ ಅನ್ನಿಸಿದ್ದಕ್ಕೇ ಅಲ್ವಾ ಅದನ್ನು ಬರೆದುಕೊಂಡದ್ದು. ಅಮೆರಿಕದ ಮನೋವಿಜ್ಞಾನಿ ಎಲ್. ಎಲ್. ಥರ್‌ಸ್ಟನ್ 1927ರಲ್ಲೇ ಜೋಡಿ ಹೋಲಿಕೆಯ ಮೇಲೆ ಒಂದು ಇಡೀ ಅಳತೆ ವಿಧಾನ ಕಟ್ಟಿದರು. ಬಿಡಿಯಾಗಿ ಒಂದಕ್ಕೆ ಅಂಕ ಕೊಡಲು ತಡವರಿಸುವವರೂ ಎರಡನ್ನು ಪಕ್ಕ ಪಕ್ಕ ಇಟ್ಟು ಯಾವುದು ಹೆಚ್ಚು ಅಂತ ಕೇಳಿದರೆ ಸಲೀಸಾಗಿ ಹೇಳುತ್ತಾರೆ. ಪಟ್ಟಿಯಲ್ಲಿ ಒಂದು ಸಾಲನ್ನು ಇನ್ನೊಂದರ ಮೇಲೆ ಇಡುವಾಗ ನೀವು ಮಾಡುವುದು ಅದನ್ನೇ.

ಆದ್ಯತೆಯ ಗುರುತಿಗೆ ಇನ್ನೊಂದು ಗುಟ್ಟಿದೆ, ತುಂಬ ಜನಕ್ಕೆ ಗೊತ್ತಿಲ್ಲ. ಯಾವ ಗುರುತೂ ಹಾಕದ ಐಟಂ ಕೊನೆಗೆ ಹೋಗುವುದಿಲ್ಲ. ಆರ್ಗ್ ಅದನ್ನು ಬಿ ಅಂತ ಲೆಕ್ಕ ಹಾಕುತ್ತದೆ. ಅಂದರೆ ಯೋಚನೆ ಮಾಡಿ ಸಿ ಹಾಕಿದ್ದಕ್ಕಿಂತ, ಇನ್ನೂ ನೋಡಿಯೇ ಇಲ್ಲದ್ದು ಮೇಲೆ ಬರುತ್ತದೆ. ಇದು ಬೇಡವಾದರೆ ಫೈಲಿನ ಮೇಲ್ಭಾಗದಲ್ಲಿ ಹ್ಯಾಶ್, ಪ್ಲಸ್ ಹಾಕಿ ಪ್ರಯಾರಿಟೀಸ್ ಅನ್ನುವ ಸಾಲು ಬರೆಯಬೇಕು. ಕೋಲನ್ ಹಾಕಿ, ಅದರ ಮುಂದೆ ಮೂರು ಮೌಲ್ಯ: ಅತಿ ಮೇಲಿನದು, ಅತಿ ಕೆಳಗಿನದು, ಗುರುತಿಲ್ಲದಿದ್ದಾಗ ಹಿಡಿಯಬೇಕಾದದ್ದು. ಎ, ಡಿ, ಡಿ ಅಂತ ಕೊಟ್ಟರೆ ಗುರುತಿಲ್ಲದ್ದೆಲ್ಲ ತಳಕ್ಕೆ ಹೋಗುತ್ತದೆ. ಸಾಲು ಸೇರಿಸಿದ ಮೇಲೆ ಅದರ ಮೇಲೆ ಕಂಟ್ರೋಲ್-ಸಿ ಎರಡು ಸಲ ಒತ್ತದಿದ್ದರೆ, ಫೈಲನ್ನು ಮತ್ತೆ ತೆರೆಯುವವರೆಗೆ ಬದಲಾವಣೆ ಜಾರಿಗೆ ಬರುವುದಿಲ್ಲ.

ಆರ್ಗ್‌ನ 9.4 ಆವೃತ್ತಿಯಿಂದ ಅಕ್ಷರದ ಬದಲು ಅಂಕಿಯನ್ನೂ ಆದ್ಯತೆಯಾಗಿ ಕೊಡಬಹುದು. 65ಕ್ಕಿಂತ ಕಡಿಮೆ ಇರಬೇಕು ಅಷ್ಟೆ. ಇದನ್ನು ನೋಡಿ, ಸರಿ, ನಲವತ್ತು ಐಟಂಗೂ 1ರಿಂದ 40 ಕೊಟ್ಟುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಮತ್ತೆ ತಿದ್ದುವ ಗೋಳಿಗೇ ಬಂದು ನಿಲ್ಲುತ್ತೀರಿ. ಆದ್ಯತೆಯ ಗುರುತು ಒರಟು ವಿಂಗಡಣೆಗೆ ಒಳ್ಳೆಯದು. ಒಂದು ಹೆಡಿಂಗ್ ಕೆಳಗೆ ಮೂರಕ್ಕಿಂತ ಜಾಸ್ತಿ ಎ ಇರಬಾರದು ಅಂತ ನಿಯಮ ಇಟ್ಟುಕೊಳ್ಳಿ. ನಾಲ್ಕನೆಯದಕ್ಕೆ ಎ ಕೊಡಬೇಕೆಂದರೆ ಇರುವ ಮೂರರಲ್ಲಿ ಒಂದನ್ನು ಇಳಿಸಬೇಕು. ಆಗ ಎ ಹಾಕುವಾಗಲೂ ಹೋಲಿಕೆ ಮಾಡಲೇಬೇಕಾಗುತ್ತದೆ.

ಹೊಸದು ಬಂದಾಗ ಜಾಗ ಹುಡುಕುವುದು

ನಿಮ್ಮ ಪಟ್ಟಿ ಒಂದು ಕ್ರಮದಲ್ಲಿ ಇದೆ ಅಂದುಕೊಳ್ಳಿ. ಹೊಸ ಐಟಂ ಬಂತು. ಮೇಲಿನಿಂದ ಒಂದೊಂದೇ ಹೋಲಿಸುತ್ತ ಬರಬೇಡಿ. ನೇರ ಮಧ್ಯಕ್ಕೆ ಹೋಗಿ. ಅಲ್ಲಿರುವುದಕ್ಕಿಂತ ಇದು ಮುಖ್ಯವೇ? ಹೌದಾದರೆ ಮೇಲಿನ ಅರ್ಧ, ಅಲ್ಲವಾದರೆ ಕೆಳಗಿನ ಅರ್ಧ. ಆ ಅರ್ಧದ ಮಧ್ಯಕ್ಕೆ ಹೋಗಿ ಮತ್ತೆ ಅದೇ ಪ್ರಶ್ನೆ. 31 ಐಟಂಗಳ ಪಟ್ಟಿಯಲ್ಲಿ ಹೆಚ್ಚೆಂದರೆ 5 ಹೋಲಿಕೆಗೆ ಜಾಗ ಸಿಗುತ್ತದೆ. 63 ಇದ್ದರೂ 6 ಸಾಕು. ನಿಘಂಟಿನಲ್ಲಿ ಪದ ಹುಡುಕುವಾಗ ಪುಟ ತೆರೆಯುವ ರೀತಿ ಇದು. ಇದರಿಂದ ಇನ್ನೊಂದು ಉಪಕಾರವಿದೆ. ಹೊಸದರ ಮೇಲೆ ಯಾವಾಗಲೂ ಒಂದು ಮೋಹ ಇರುತ್ತದೆ, ನೇರ ಮೇಲೆ ಇಟ್ಟುಬಿಡೋಣ ಅನ್ನಿಸುತ್ತದೆ. ಮಧ್ಯದಿಂದ ಶುರು ಮಾಡಿದರೆ ಅದು ಹಳೆಯವುಗಳ ಎದುರು ನಿಂತು ತನ್ನ ಜಾಗ ಗಳಿಸಬೇಕು.

ಇಡೀ ಪಟ್ಟಿ ಕಲಸಿ ಹೋಗಿದ್ದು, ಮೊದಲಿನಿಂದ ಜೋಡಿಸಬೇಕಾಗಿದ್ದರೆ? ಆಗ ಸಾರ್ಟ್ ಆಜ್ಞೆಯನ್ನೇ ನಿಮಗೆ ಪ್ರಶ್ನೆ ಕೇಳುವಂತೆ ಮಾಡಬಹುದು. ಕಂಟ್ರೋಲ್-ಸಿ ಒತ್ತಿ, ಆಮೇಲೆ ^ ಚಿಹ್ನೆ ಒತ್ತಿದರೆ ಯಾವ ಆಧಾರದ ಮೇಲೆ ಜೋಡಿಸಬೇಕು ಅಂತ ಕೇಳುತ್ತದೆ. ಅದರಲ್ಲಿ ಎಫ್ ಅನ್ನುವ ಆಯ್ಕೆ ನಿಮ್ಮದೇ ಫಂಕ್ಷನ್‌ಗೆ, ಅಂದರೆ ನೀವು ಬರೆದ ಪ್ರೋಗ್ರಾಂ ತುಣುಕಿಗೆ. ಮೊದಲು ಪ್ರತಿ ಐಟಂನಿಂದ ಏನನ್ನು ತೆಗೆದುಕೊಳ್ಳಬೇಕು ಅನ್ನುವ ಫಂಕ್ಷನ್, ಆಮೇಲೆ ಎರಡನ್ನು ಹೋಲಿಸುವ ಫಂಕ್ಷನ್. ಹೋಲಿಸುವ ಫಂಕ್ಷನ್ ಒಳಗೆ ಲೆಕ್ಕದ ಬದಲು ಒಂದು ಹೌದು-ಅಲ್ಲ ಪ್ರಶ್ನೆ ಇಟ್ಟರೆ ಸಾಕು: ಇದು ಅದಕ್ಕಿಂತ ಮೊದಲೇ? ಎರಡು ಹೆಡಿಂಗ್ ತೋರಿಸಿ ಈಮ್ಯಾಕ್ಸ್ ಕೇಳುತ್ತ ಹೋಗುತ್ತದೆ, ನೀವು ಉತ್ತರ ಕೊಡುತ್ತ ಹೋಗುತ್ತೀರಿ, ಕೊನೆಗೆ ಪಟ್ಟಿ ನಿಮ್ಮ ಉತ್ತರಗಳ ಪ್ರಕಾರ ಜೋಡಣೆಯಾಗುತ್ತದೆ. ಈಮ್ಯಾಕ್ಸ್‌ನ ಪ್ರೋಗ್ರಾಂ ಭಾಷೆಯಾದ ಲಿಸ್ಪ್ ಸ್ವಲ್ಪ ಬಂದರೆ ನಾಲ್ಕೈದು ಸಾಲಿನ ಕೆಲಸ.

ಎಷ್ಟು ಪ್ರಶ್ನೆ ಬರುತ್ತವೆ ಅನ್ನುವುದು ಮುಖ್ಯ. ನಲವತ್ತು ಐಟಂಗಳಲ್ಲಿ ಒಟ್ಟು ಜೋಡಿಗಳು 780. ಜೋಡಿಸಿದ ಚಿಕ್ಕ ಪಟ್ಟಿಗಳನ್ನು ಕೂಡಿಸುತ್ತ ಹೋಗುವ ಮರ್ಜ್ ಸಾರ್ಟ್ ವಿಧಾನದಲ್ಲಿ ಅಷ್ಟೂ ಬೇಕಾಗುವುದಿಲ್ಲ, ಹೆಚ್ಚೆಂದರೆ 177. ಅಷ್ಟಾದರೂ ಒಂದೇ ಕೂರಿಕೆಯಲ್ಲಿ 177 ತೀರ್ಮಾನ ಮಾಡುವುದು ಕಷ್ಟ. ಅರ್ಧ ದಾರಿಯಲ್ಲಿ ಮನಸ್ಸು ದಣಿದು ಏನೋ ಒಂದು ಒತ್ತಲು ಶುರುವಾಗುತ್ತದೆ. ಇಪ್ಪತ್ತಕ್ಕೆ ಇಳಿಸಿದರೆ ಹೆಚ್ಚೆಂದರೆ 69, ಅದು ಪರವಾಗಿಲ್ಲ. ಒಂದು ಎಚ್ಚರಿಕೆ: ಎಲ್ಲ ಉತ್ತರ ಮುಗಿದ ಮೇಲೆಯೇ ಆರ್ಗ್ ಸಾಲುಗಳನ್ನು ಸರಿಸುವುದು. ನಡುವೆ ಕಂಟ್ರೋಲ್-ಜಿ ಒತ್ತಿ ನಿಲ್ಲಿಸಿದರೆ ಅಲ್ಲಿಯವರೆಗಿನ ಉತ್ತರ ಎಲ್ಲ ಹೋಯಿತು.

ಸಾರ್ಟ್ ಆಜ್ಞೆಯ ಒಳಗುಟ್ಟು

ಈಗ ಕಂಪ್ಯೂಟರ್ ಮಾಡುವ ಕೆಲಸಕ್ಕೆ ಬರೋಣ. ಇಲ್ಲಿ ತಿಳಿದಿರಲೇಬೇಕಾದ ಕೆಲವು ಸಂಗತಿಗಳಿವೆ, ಗೊತ್ತಿಲ್ಲದಿದ್ದರೆ ಫೈಲ್ ಕಲಸಿಹೋಗುತ್ತದೆ.

ಕರ್ಸರ್ ಎಲ್ಲಿದೆ ಅನ್ನುವುದರ ಮೇಲೆ ಏನು ಸಾರ್ಟ್ ಆಗುತ್ತದೆ ಅನ್ನುವುದು ನಿಂತಿದೆ. ಒಂದು ಹೆಡಿಂಗ್ ಮೇಲಿದ್ದರೆ ಅದರ ನೇರ ಮಕ್ಕಳು ಮಾತ್ರ ಜೋಡಣೆಯಾಗುತ್ತಾರೆ. ಮೊಮ್ಮಕ್ಕಳು ತಮ್ಮ ಹಳೆಯ ಕ್ರಮದಲ್ಲೇ ಅವರ ಜೊತೆ ಹೋಗುತ್ತಾರೆ. ಫೈಲಿನ ಮೊದಲ ಹೆಡಿಂಗ್‌ಗಿಂತ ಮೇಲಿದ್ದರೆ ಎಲ್ಲಕ್ಕಿಂತ ಹೊರಗಿನ ಮಟ್ಟ ಜೋಡಣೆಯಾಗುತ್ತದೆ. ಕೆಲವೇ ಸಾಲು ಬೇಕಾದರೆ ಅಷ್ಟನ್ನು ಆಯ್ದುಕೊಂಡು ಒತ್ತಬೇಕು. ಆಯ್ಕೆಯ ಅಕ್ಷರ ಚಿಕ್ಕದಾದರೆ ಏರಿಕೆ ಕ್ರಮ, ಅದೇ ಅಕ್ಷರ ದೊಡ್ಡದಾದರೆ ತಿರುಗುಮುರುಗು.

ಗಡುವಿನ ಪ್ರಕಾರ ಜೋಡಿಸಲು ಡಿ. ಇಲ್ಲಿ ಗಡುವೇ ಇಲ್ಲದ ಐಟಂ ಎಲ್ಲಿಗೆ ಹೋಗುತ್ತದೆ? ಕೊನೆಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆರ್ಗ್ ಅದಕ್ಕೆ ಈ ಕ್ಷಣದ ಸಮಯ ಕೊಡುತ್ತದೆ. ಹಾಗಾಗಿ ಗಡುವು ಮೀರಿದವು ಮೊದಲು, ನಡುವೆ ಗಡುವಿಲ್ಲದವು, ಆಮೇಲೆ ಮುಂದಿನ ಗಡುವಿನವು. ನಾಳೆ ಮುಗಿಯಬೇಕಾದ ಕೆಲಸ ಇಪ್ಪತ್ತು ಗಡುವಿಲ್ಲದ ಸಾಲುಗಳ ಕೆಳಗೆ ಅಡಗಿ ಕೂತಿರಬಹುದು. ಗಡುವು ಇರುವವನ್ನು ಬೇರೆ ಹೆಡಿಂಗ್ ಕೆಳಗೆ ಇಡುವುದು ಇದಕ್ಕೆ ಒಳ್ಳೆಯ ಉಪಾಯ.

ಪ್ರಾಪರ್ಟಿಯ ಪ್ರಕಾರ ಜೋಡಿಸಲು ಆರ್. ನಿಮ್ಮಂತೆ ಅಂಕಿ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಆರ್ಗ್ ಪ್ರಾಪರ್ಟಿಯ ಮೌಲ್ಯವನ್ನು ಅಂಕಿ ಅಂತ ನೋಡುವುದಿಲ್ಲ, ಅಕ್ಷರಗಳ ಸಾಲು ಅಂತ ನೋಡುತ್ತದೆ. ಮೊದಲ ಅಕ್ಷರ ಹೋಲಿಸಿದರೆ 1 ಎಂಬುದು 9ಕ್ಕಿಂತ ಮೊದಲು, ಆದ್ದರಿಂದ 10 ಬಂದು 9ರ ಮೇಲೆ ಕೂರುತ್ತದೆ. ಉಪಾಯ ಸರಳ: ಮುಂದೆ ಸೊನ್ನೆ ಸೇರಿಸಿ ಎಲ್ಲವನ್ನೂ ಒಂದೇ ಉದ್ದ ಮಾಡಿ. 009, 010, 040 ಹೀಗೆ. ಪ್ರಾಪರ್ಟಿಯೇ ಇಲ್ಲದ ಐಟಂ ಖಾಲಿ ಅಂತ ಎಣಿಕೆಯಾಗಿ ಎಲ್ಲಕ್ಕಿಂತ ಮೇಲೆ ಬರುತ್ತದೆ. ಇದು ಅನುಕೂಲವೇ, ಇನ್ನೂ ರ‍್ಯಾಂಕ್ ಕೊಡದವು ಕಣ್ಣೆದುರೇ ಬಂದು ನಿಲ್ಲುತ್ತವೆ. ಹೆಡಿಂಗ್‌ನ ಶುರುವಿನಲ್ಲೇ ಅಂಕಿ ಬರೆದಿದ್ದರೆ ಎನ್ ಆಯ್ಕೆ ಅದನ್ನು ನಿಜವಾದ ಅಂಕಿಯಾಗಿಯೇ ಓದುತ್ತದೆ, ಅಲ್ಲಿ ಸೊನ್ನೆ ಬೇಡ. ಆದರೆ ಅಂಕಿ 1, 2, 3 ರೂಪದಲ್ಲೇ ಇರಬೇಕು. ಕನ್ನಡ ಅಂಕಿ ೧, ೨, ೩ ಬರೆದರೆ ಅದು ಅಂಕಿ ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ.

ಕನ್ನಡದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಕಾರಾದಿ ಜೋಡಣೆ ನಿಮ್ಮ ಕಂಪ್ಯೂಟರಿನ ಭಾಷಾ ಸೆಟ್ಟಿಂಗ್ ಮೇಲೆ ನಿಂತಿದೆ. ಅದು ಇಲ್ಲದಿದ್ದರೆ ಯೂನಿಕೋಡ್ ಸಂಕೇತಗಳ ಕ್ರಮವೇ ಗತಿ. ಆ ಕ್ರಮದಲ್ಲಿ ಳ ಅಕ್ಷರ ವರ್ಣಮಾಲೆಯಲ್ಲಿರುವಂತೆ ಹ ಆದ ಮೇಲೆ ಬರುವುದಿಲ್ಲ, ಲ ಮತ್ತು ವ ನಡುವೆ ಬರುತ್ತದೆ. ಪಟ್ಟಿಯಲ್ಲಿ ಒಂದೆರಡು ಹೆಸರು ಬೇರೆ ಜಾಗದಲ್ಲಿ ಕಂಡರೆ ಕಾರಣ ಇದು.

ಇನ್ನು ನನಗೆ ತುಂಬ ಇಷ್ಟವಾದ ಸಂಗತಿ. ಆರ್ಗ್‌ನ ಸಾರ್ಟ್ ಸ್ಥಿರವಾದದ್ದು. ಅಂದರೆ ಎರಡು ಐಟಂ ಸಮ ಅಂತ ಬಂದರೆ ಅವು ಮೊದಲು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಉಳಿಯುತ್ತವೆ. ಇದರ ಬಲ ಎಷ್ಟು ಅಂತ ಒಂದು ಉದಾಹರಣೆಯಿಂದ ನೋಡಿ. ನೀವು ಕಷ್ಟಪಟ್ಟು ಕೈಯಿಂದ ಪಟ್ಟಿ ಜೋಡಿಸಿದ್ದೀರಿ. ದಿನ ಕಳೆದಂತೆ ಕೆಲವು ಮುಗಿದವು, ಮುಗಿದವು ನಡುನಡುವೆ ಬಿದ್ದುಕೊಂಡಿವೆ. ಕಂಟ್ರೋಲ್-ಸಿ ^ ಒತ್ತಿ ಇಂಗ್ಲಿಷಿನ ಒ ಅಕ್ಷರ ಆರಿಸಿ. ಅದು ಸ್ಥಿತಿಯ ಪ್ರಕಾರ ಜೋಡಿಸುತ್ತದೆ. ಬಾಕಿ ಇರುವವು ಮೇಲೆ, ಸ್ಥಿತಿಯ ಗುರುತಿಲ್ಲದವು ನಡುವೆ, ಮುಗಿದವು ತಳಕ್ಕೆ. ಬಾಕಿ ಇರುವವುಗಳೊಳಗೆ ನಿಮ್ಮ ಕೈಯ ಕ್ರಮ ಒಂದಿಷ್ಟೂ ಅಲುಗುವುದಿಲ್ಲ. ಹೀಗೆಯೇ ಎರಡು ಆಧಾರದ ಮೇಲೆ ಜೋಡಿಸಬೇಕಾದರೆ ಹಿಂದಿನಿಂದ ಬನ್ನಿ. ಆದ್ಯತೆ ಮೊದಲು, ಅದರೊಳಗೆ ಹೆಸರು ಅನ್ನುವುದಾದರೆ ಮೊದಲು ಹೆಸರಿನಿಂದ ಸಾರ್ಟ್ ಮಾಡಿ, ಆಮೇಲೆ ಆದ್ಯತೆಯಿಂದ ಮಾಡಿ.

ಆದರೆ ಹೆಸರು, ತಾರೀಖು ಇಂಥ ಆಧಾರದ ಮೇಲೆ ಸಾರ್ಟ್ ಮಾಡಿದರೆ ನಿಮ್ಮ ಕೈಯ ಕ್ರಮ ಅಳಿಸಿಹೋಗುತ್ತದೆ. ಸಾಲಿನ ಜಾಗವೇ ರ‍್ಯಾಂಕ್ ಅಂದಮೇಲೆ ಜಾಗ ಬದಲಾದರೆ ರ‍್ಯಾಂಕ್ ಹೋಯಿತು. ತಕ್ಷಣ ಗೊತ್ತಾದರೆ ಅನ್‌ಡೂ ಇದೆ. ಸೇವ್ ಮಾಡಿ, ಈಮ್ಯಾಕ್ಸ್ ಮುಚ್ಚಿ, ಮರುದಿನ ಗೊತ್ತಾದರೆ ಕಷ್ಟ. ಆದ್ದರಿಂದ ಅಂಥ ಸಾರ್ಟ್ ಮಾಡುವ ಮೊದಲು ಈಗಿನ ಕ್ರಮವನ್ನು ಒಂದು ಪ್ರಾಪರ್ಟಿಯಲ್ಲಿ ಇಳಿಸಿಕೊಳ್ಳಿ. ರ‍್ಯಾಂಕ್ ಬರೆಯಬೇಡಿ ಅಂದವರು ಈಗ ಬರೆಯಿರಿ ಅನ್ನುತ್ತಿದ್ದಾರಲ್ಲ ಅನ್ನಬೇಡಿ. ಇದು ನೀವು ತಿದ್ದುತ್ತ ಇರಬೇಕಾದ ಅಂಕಿಯಲ್ಲ, ಒಮ್ಮೆ ತೆಗೆದಿಟ್ಟ ಪ್ರತಿ. ಈಮ್ಯಾಕ್ಸ್‌ನ ಕೀಬೋರ್ಡ್ ಮ್ಯಾಕ್ರೋದಲ್ಲಿ (ಒತ್ತಿದ ಕೀಗಳನ್ನು ದಾಖಲಿಸಿ ಮತ್ತೆ ನಡೆಸುವುದು) ಎಣಿಕೆ ತಾನೇ ಏರುವ ಸೌಲಭ್ಯ ಇದೆ. ಎಫ್3 ಒತ್ತಿ ದಾಖಲೆ ಶುರು ಮಾಡಿ, ನಡುವೆ ಮತ್ತೆ ಎಫ್3 ಒತ್ತಿದರೆ ಅಲ್ಲಿ ಅಂಕಿ ಬೀಳುತ್ತದೆ, ಎಫ್4 ಒತ್ತಿ ಮುಗಿಸಿ. ಆಮೇಲೆ ಎಫ್4 ಒತ್ತುತ್ತ ಹೋದರೆ ಒಂದೊಂದು ಹೆಡಿಂಗ್‌ಗೂ ಮುಂದಿನ ಅಂಕಿ ಸೇರುತ್ತದೆ. ಅಂಕಿಯ ರೂಪವನ್ನು ಮೂರು ಸ್ಥಾನಕ್ಕೆ ಮೊದಲೇ ಹೊಂದಿಸಿಕೊಂಡರೆ ಸೊನ್ನೆಗಳ ಚಿಂತೆ ಇಲ್ಲ. ಹಳೆಯ ಕ್ರಮಕ್ಕೆ ವಾಪಸ್ ಬರಬೇಕಾದಾಗ ಆ ಪ್ರಾಪರ್ಟಿಯಿಂದ ಸಾರ್ಟ್ ಮಾಡಿ, ಆಮೇಲೆ ಅದನ್ನು ಅಳಿಸಿಬಿಡಿ.

ಯಾವುದೋ ಕಾರಣಕ್ಕೆ ಅಂಕಿಯನ್ನು ಕಾಯಂ ಇಡಲೇಬೇಕು, ಬೇರೆ ಪ್ರೋಗ್ರಾಂ ಅದನ್ನು ಓದುತ್ತದೆ ಅನ್ನುವವರು 010, 020, 030 ಅಂತ ಹತ್ತರ ಅಂತರ ಬಿಟ್ಟು ಬರೆಯಲಿ. ನಡುವೆ ಬಂದದ್ದಕ್ಕೆ 015 ಕೊಟ್ಟರೆ ಉಳಿದದ್ದು ತಿದ್ದಬೇಕಿಲ್ಲ. 1964ರಲ್ಲಿ ಬಂದ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವರಿಗೆ ಈ ಉಪಾಯ ಚೆನ್ನಾಗಿ ಗೊತ್ತು. ಸಾಲಿನ ಅಂಕಿಗಳನ್ನು 10, 20, 30 ಅಂತ ಕೊಡುವುದು ಅಲ್ಲಿ ರೂಢಿ.

ಫೈಲಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಫೈಲನ್ನು ಇಟ್ಟಿದ್ದರೆ ಸಾರ್ಟ್ ಒಂದನ್ನೇ ಬೇರೆ ಕಮಿಟ್ ಮಾಡಿ, ಅಂದರೆ ಬೇರೆ ಬದಲಾವಣೆಯಾಗಿ ದಾಖಲಿಸಿ. ಸಾರ್ಟ್ ಮಾಡಿದಾಗ ಫೈಲಿನ ದೊಡ್ಡ ಭಾಗವೇ ಬದಲಾದಂತೆ ಕಾಣುತ್ತದೆ. ಅದರೊಳಗೆ ನೀವು ತಿದ್ದಿದ ಒಂದು ವಾಕ್ಯ ಸೇರಿಕೊಂಡರೆ ಮತ್ತೆ ಹುಡುಕುವುದು ಕಷ್ಟ.

ಅಜೆಂಡಾ ಯಾಕೆ ಮರೆತುಬಿಡುತ್ತದೆ

ಅಜೆಂಡಾ ಫೈಲ್ ಅಲ್ಲ. ಫೈಲುಗಳನ್ನು ಓದಿ ಪ್ರತಿ ಸಲ ಹೊಸದಾಗಿ ಕಟ್ಟುವ ನೋಟ ಅದು. ಅಲ್ಲಿ ಆಲ್ಟ್-ಬಾಣ ಒತ್ತಿದರೆ ಸಾಲು ಸರಿಯುತ್ತದೆ ನಿಜ, ಆದರೆ ಆ ನೋಟದಲ್ಲಿ ಮಾತ್ರ. ಮತ್ತೆ ಕಟ್ಟಿದಾಗ ಹೋಯಿತು. ಇದು ದೋಷವಲ್ಲ, ಅದನ್ನು ಮಾಡಿರುವುದೇ ಹಾಗೆ. ಶಿಫ್ಟ್-ಬಾಣದಿಂದ ಆದ್ಯತೆ ಬದಲಿಸಿದರೆ ಮಾತ್ರ ಅದು ಫೈಲಿಗೆ ಹೋಗಿ ಉಳಿಯುತ್ತದೆ. ಕ್ರಮ ಬದಲಿಸಬೇಕಾದರೆ ಸಾಲಿನ ಮೇಲೆ ಟ್ಯಾಬ್ ಒತ್ತಿ ಮೂಲ ಫೈಲಿಗೆ ಹೋಗಿ ಅಲ್ಲೇ ಸರಿಸಿ.

ಅಜೆಂಡಾದ ಜೋಡಣೆಯನ್ನು ಆಳುವುದು ಆರ್ಗ್-ಅಜೆಂಡಾ-ಸಾರ್ಟಿಂಗ್-ಸ್ಟ್ರಾಟೆಜಿ ಅನ್ನುವ ಸೆಟ್ಟಿಂಗ್. ಅದು ಒಂದು ಆಧಾರಗಳ ಸಾಲು. ಮೊದಲನೆಯದರಲ್ಲಿ ಸಮ ಬಂದರೆ ಎರಡನೆಯದು, ಅದರಲ್ಲೂ ಸಮ ಬಂದರೆ ಮೂರನೆಯದು. ಎಲ್ಲದರಲ್ಲೂ ಸಮ ಬಂದರೆ ಫೈಲಿನ ಕ್ರಮ. ನಿಮಗೆ ಬೇಕಾದದ್ದು ಈ ಕೊನೆಯದು. ಆದ್ದರಿಂದ ಕೆಲಸಗಳ ಪಟ್ಟಿಯ ನೋಟಕ್ಕೆ ಕೆಟಗರಿ-ಕೀಪ್ ಅನ್ನುವ ಆಧಾರ ಒಂದನ್ನೇ ಕೊಡಿ. ಆಗ ಅಜೆಂಡಾ ಫೈಲುಗಳನ್ನು ನೀವು ಕೊಟ್ಟ ಕ್ರಮದಲ್ಲಿ, ಅವುಗಳೊಳಗಿನ ಸಾಲುಗಳನ್ನು ನೀವು ಇಟ್ಟ ಕ್ರಮದಲ್ಲಿ ತೋರಿಸುತ್ತದೆ. ದಿನದ ನೋಟಕ್ಕೆ ಹೀಗೆ ಮಾಡಬೇಡಿ. ಅಲ್ಲಿ ಗಂಟೆಯ ಪ್ರಕಾರ ಬರುವುದೇ ಸರಿ. ಹಿಡಿಯುವ ಸಮಯವನ್ನು ಎಫರ್ಟ್ ಪ್ರಾಪರ್ಟಿಯಲ್ಲಿ ಬರೆದಿದ್ದರೆ ಚಿಕ್ಕ ಕೆಲಸ ಮೊದಲು ಬರುವಂತೆ ಇನ್ನೊಂದು ನೋಟ ಮಾಡಿಕೊಳ್ಳಬಹುದು. ಇಂಥ ನೋಟ ಎಷ್ಟು ಬೇಕಾದರೂ ಮಾಡಿ, ಫೈಲಿನ ಕ್ರಮಕ್ಕೆ ಧಕ್ಕೆ ಇಲ್ಲ. ತಾರೀಖಿನ ಪ್ರಕಾರ, ಸಮಯದ ಪ್ರಕಾರ ನೋಡಬೇಕು ಅನ್ನಿಸಿದಾಗೆಲ್ಲ ಫೈಲನ್ನು ಸಾರ್ಟ್ ಮಾಡುವ ಬದಲು ಹೀಗೆ ಒಂದು ನೋಟ ಮಾಡುವುದೇ ಮೇಲು.

ಹಳೆಯ ಆವೃತ್ತಿಯಿಂದ ಬಂದವರಿಗೆ ಒಂದು ಸೂಚನೆ. ಮೊದಲು ಅಜೆಂಡಾದಲ್ಲಿ ಆದ್ಯತೆ ಅನ್ನುವ ಆಧಾರದೊಳಗೆ ಗುರುತಿನ ಜೊತೆ ತಾರೀಖಿನ ಹತ್ತಿರವೂ ಸೇರಿರುತ್ತಿತ್ತು. ಎ ಹಾಕಿದ್ದು ಯಾಕೆ ಕೆಳಗೆ ಹೋಯಿತು ಅಂತ ಜನ ತಲೆಕೆಡಿಸಿಕೊಳ್ಳುತ್ತಿದ್ದರು. 9.7ರಿಂದ ಆ ಬೆರಕೆಗೆ ಅರ್ಜೆನ್ಸಿ ಅಂತ ಬೇರೆ ಹೆಸರು ಕೊಟ್ಟಿದ್ದಾರೆ. ಆದ್ಯತೆ ಅಂದರೆ ಈಗ ಬರೀ ಗುರುತು. ಹಳೆಯ ಸೆಟ್ಟಿಂಗ್ ನಕಲು ಮಾಡಿಕೊಂಡಿದ್ದರೆ ಒಮ್ಮೆ ನೋಡಿಕೊಳ್ಳಿ.

ಕೊನೆಯದಾಗಿ ನಿಮ್ಮ ನಲವತ್ತರ ಬಗ್ಗೆ. ಅಷ್ಟಕ್ಕೂ ರ‍್ಯಾಂಕ್ ಕೊಡಲು ಹೋಗಬೇಡಿ. ಇಪ್ಪತ್ತೆಂಟನೆಯದೋ ಇಪ್ಪತ್ತೊಂಬತ್ತನೆಯದೋ ಅನ್ನುವುದರಿಂದ ನೀವು ಮುಂದೆ ಮಾಡುವ ಕೆಲಸದಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಹೆಡಿಂಗ್ ಕೆಳಗೆ ಎರಡು ಉಪಹೆಡಿಂಗ್ ಮಾಡಿ. ಒಂದರಲ್ಲಿ ಹತ್ತು ಮಾತ್ರ, ಕ್ರಮವಾಗಿ. ಇನ್ನೊಂದರಲ್ಲಿ ಉಳಿದ ಎಲ್ಲ, ಕ್ರಮವಿಲ್ಲದೆ. ಈ ಎರಡನೆಯದನ್ನು ಹೆಸರಿನಿಂದಲೋ ತಾರೀಖಿನಿಂದಲೋ ಧೈರ್ಯವಾಗಿ ಸಾರ್ಟ್ ಮಾಡಬಹುದು, ಅಲ್ಲಿ ಕಳೆದುಹೋಗುವ ತೀರ್ಮಾನ ಯಾವುದೂ ಇಲ್ಲ. ಹೊಸದು ಬಂದರೆ ಮೊದಲು ಅಲ್ಲಿಗೇ ಹಾಕಿ. ಹತ್ತರಲ್ಲಿ ಒಂದು ಮುಗಿದಾಗ ಉಳಿದವುಗಳ ಮೇಲೆ ಒಮ್ಮೆ ಕಣ್ಣಾಡಿಸಿ ಒಂದನ್ನು ಆರಿಸಿಕೊಳ್ಳಿ. ಕಂಟ್ರೋಲ್-ಸಿ, ಕಂಟ್ರೋಲ್-ಡಬ್ಲ್ಯು ಒತ್ತಿದರೆ ಅದನ್ನು ಬೇರೆ ಹೆಡಿಂಗ್ ಕೆಳಗೆ ಕಳಿಸುವ ರೀಫೈಲ್ ಆಜ್ಞೆ ಬರುತ್ತದೆ. ಮೊದಲಿನಿಂದ ಇರುವ ಸೆಟ್ಟಿಂಗ್‌ನಲ್ಲಿ ಅದು ಹೊರಗಿನ ಮಟ್ಟದ ಹೆಡಿಂಗ್‌ಗಳನ್ನಷ್ಟೇ ತೋರಿಸುತ್ತದೆ, ಉಪಹೆಡಿಂಗ್‌ಗಳೂ ಸಿಗಲು ಆರ್ಗ್-ರೀಫೈಲ್-ಟಾರ್ಗೆಟ್ಸ್ ಅನ್ನು ಎರಡು ಮೂರು ಮಟ್ಟಕ್ಕೆ ಏರಿಸಿಕೊಳ್ಳಿ. ಕಳಿಸಿದ್ದು ಪಟ್ಟಿಯ ತಳದಲ್ಲಿ ಹೋಗಿ ಕೂರುತ್ತದೆ. ಅಲ್ಲಿಂದ ಅದರ ಜಾಗಕ್ಕೆ ಏರಿಸಲು ಕೆಲವು ಬಾಣ ಒತ್ತಿದರೆ ಸಾಕು.